ಅರ್ಥಿಂಗ್ ಐತೇನಪ್ಪಾ?

"ಎರಡು ಲಕ್ಷಕ್ಕೆ ಕಂಪ್ಯೂಟರ್ರಾ? ಅದೂ ಆಟ ಆಡೋಕಾ?"

ಅಮ್ಮ ಮಂಡಕ್ಕಿ ಒಗ್ಗರಣೆ ತಟ್ಟೆಯನ್ನು ಲ್ಯಾಪ್‌ಟಾಪ್ ಪಕ್ಕ ಕುಕ್ಕಿ ಒಳಗೆ ಹೋದಳು. "ಆ ದುಡ್ಡಿಗೆ ಮೇಲೊಂದು ರೂಮಿಗೆ ಕೈ ಹಾಕಬಹುದಿತ್ತು" ಅನ್ನೋದು ಅಡುಗೆಮನೆಯಿಂದ ಕೇಳಿಸಿತು. ಅಪ್ಪ ಮಾತ್ರ ಏನೂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು, ನಾನು ತಿಂಗಳುಗಟ್ಟಲೆ ತಿದ್ದಿ ತೀಡಿದ್ದ ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ನಿಧಾನಕ್ಕೆ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಈ ರೂಮಿಗೆ ಅರ್ಥಿಂಗ್ ಸರಿ ಐತೇನಪ್ಪಾ?"

ನನಗೆ ನಗು ಬಂತು. ಪಟ್ಟಿಯಲ್ಲಿ ಲಕ್ಷ ರೂಪಾಯಿಯ ಗ್ರಾಫಿಕ್ಸ್ ಕಾರ್ಡಿದೆ, ಇವರು ಕೇಳ್ತಿರೋದು ಮೂರು ಪಿನ್ನಿನ ಸಾಕೆಟ್ ಬಗ್ಗೆ! ಆದರೆ ಅಪ್ಪ ನಗಲಿಲ್ಲ. ಎದ್ದು ಹೋದರು.

ಇದು 2025ರ ಮೇ ತಿಂಗಳ ಮಾತು. ನನ್ನ ಕಂಪನಿ ಇರೋದು ಬೆಂಗಳೂರಲ್ಲಿ. ತಿಂಗಳಿಗೆ ನಾಲ್ಕೈದು ದಿನ ಆಫೀಸಿಗೆ ಮುಖ ತೋರಿಸಿ ಬಂದರೆ ಉಳಿದದ್ದೆಲ್ಲ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಿಂದಲೇ. ಎರಡು ವರ್ಷದ ಬೋನಸ್ ಕೂಡಿಟ್ಟಿದ್ದೆ. ಕಾಲೇಜಿನ ಗೆಳೆಯರಲ್ಲಿ ಒಬ್ಬ ಪುಣೆ, ಒಬ್ಬ ಟೊರಾಂಟೊ. ಭಾನುವಾರ ರಾತ್ರಿ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಒಂದು ಆಟದಲ್ಲಿ ಸೇರುತ್ತಾರೆ. ನನ್ನ ಲ್ಯಾಪ್‌ಟಾಪ್ ಮಾತ್ರ ಹತ್ತು ನಿಮಿಷಕ್ಕೆ ಇಸ್ತ್ರಿಪೆಟ್ಟಿಗೆ ಆಗುತ್ತಿತ್ತು.

ನನ್ನ ಮೊದಲ ಪಟ್ಟಿ ಹೀಗಿತ್ತು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5080. ಪ್ರೊಸೆಸರ್ ರೈಜನ್ 7 9800ಎಕ್ಸ್3ಡಿ. ನೀರಿನಿಂದ ತಣ್ಣಗಾಗುವ, ಮೂರು ಫ್ಯಾನಿನ ಕೂಲರ್. ಮೀನಿನ ತೊಟ್ಟಿಯ ಹಾಗೆ ಎರಡು ಬದಿ ಗಾಜಿರುವ ಕ್ಯಾಬಿನೆಟ್. ಜಾತ್ರೆಯ ಸೀರಿಯಲ್ ಸೆಟ್ ನಾಚುವಷ್ಟು ಬಣ್ಣದ ಲೈಟು. ಇಷ್ಟೆಲ್ಲ ಸೇರಿಸಿದ ಮೇಲೆ ಎಸ್‌ಎಂಪಿಎಸ್‌ಗೆ, ಅಂದರೆ ಇವಕ್ಕೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಗೆ, ಉಳಿದದ್ದು ಐದು ಸಾವಿರ. ಯುಪಿಎಸ್‌ಗೆ ಸೊನ್ನೆ. ಯೂಟ್ಯೂಬ್ ನೋಡಿ ಪಟ್ಟಿ ಮಾಡುವ ನಮ್ಮಂಥವರೆಲ್ಲ ಮಾಡೋದು ಹೀಗೇ. ಹೊಳೆಯುವುದರಿಂದ ಶುರು ಮಾಡಿ ಕೆಳಗಿಳಿಯುತ್ತೇವೆ. ಕೆಳಗೆ ಬರುವ ಹೊತ್ತಿಗೆ ಜೇಬು ಖಾಲಿ.

ಮರುದಿನ ಭಾನುವಾರ. ಬೆಳಿಗ್ಗೆ ಆರಕ್ಕೆ ಠಣ್ ಠಣ್ ಸದ್ದು. ಕಿಟಕಿಯಿಂದ ನೋಡಿದರೆ ಅರವತ್ತಾರು ವರ್ಷದ ಅಪ್ಪ, ಬನಿಯನ್ ಹಾಕಿಕೊಂಡು, ಕಾಂಪೌಂಡಿನ ಮೂಲೆಯಲ್ಲಿ ಉಳಿ ಸುತ್ತಿಗೆ ಹಿಡಿದು ಟೈಲ್ಸ್ ಒಡೀತಿದ್ದಾರೆ!

ಅಪ್ಪನ ಬಗ್ಗೆ ಹೇಳಬೇಕು. ಹರಿಹರದ ಒಂದು ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದವರು. ಆ ಕೆಲಸ ಹೋದ ಮೇಲೆ ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಹಾಕಿ ನಮ್ಮನ್ನು ಓದಿಸಿದರು. ಸುತ್ತಲಿನ ಹಳ್ಳಿಗಳ ಸುಟ್ಟ ಪಂಪ್‌ಸೆಟ್ಟುಗಳು ನಮ್ಮ ಅಂಗಡಿ ಮುಂದೆ ಸಾಲಾಗಿ ಕೂತಿರುತ್ತಿದ್ದವು. ಈ ಮನೆಯ ವೈರಿಂಗ್ ಪೂರ್ತಿ ಅವರದೇ ಕೈಕೆಲಸ. ಆದರೆ ಮುಂದೆ ಒಮ್ಮೆ ಅಂಗಳಕ್ಕೆ ಟೈಲ್ಸ್ ಹಾಕುವಾಗ ಅರ್ಥ್ ಗುಂಡಿ ಅದರಡಿಯೇ ಮುಚ್ಚಿಹೋಗಿತ್ತು. ತಂತಿಯೂ ತುಕ್ಕು ಹಿಡಿದಿರಬೇಕು. ಮಾಡೋಣ ಮಾಡೋಣ ಅಂತ ಅದು ಹಾಗೇ ಉಳಿದಿತ್ತು.

"ಅಪ್ಪಾ, ಆಳು ಕರೆಸೋಣ ಬಿಡಿ" ಅಂತ ಓಡಿದೆ. ಅವರು ತಲೆ ಎತ್ತಲಿಲ್ಲ.

"ಹೋದ ಸಲ ನನ್ನ ಸೋಮಾರಿತನಕ್ಕೇ ಎಲ್ಲ ಹೋತು. ಅಜ್ಜಿ ಫೋಟೊನೂ ಹೋದ್ವು. ಈ ಸಲ ಹಂಗಾಗಬಾರದು" ಅಂದರು.

ನಾನು ಅಲ್ಲೇ ನಿಂತುಬಿಟ್ಟೆ.

ಹೋದ ಸಲ ಅಂದರೆ 2015. ನಾನು ಎಂಜಿನಿಯರಿಂಗ್ ಮೂರನೇ ವರ್ಷ. ಜಿಟಿಎ 5 ಆಟ ಆ ವರ್ಷ ಏಪ್ರಿಲ್‌ನಲ್ಲಷ್ಟೇ ಕಂಪ್ಯೂಟರಿಗೆ ಬಂದಿತ್ತು. ಹಾಸ್ಟೆಲ್‌ನಲ್ಲೆಲ್ಲ ಅದೇ ಮಾತು. ನಮ್ಮ ಮನೆಯ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡೇ ಇರಲಿಲ್ಲ. ಸೀನಿಯರ್ ಒಬ್ಬನಿಂದ ನಾಲ್ಕೂವರೆ ಸಾವಿರಕ್ಕೆ ಹಳೆಯ ಕಾರ್ಡ್ ತಂದೆ. ಅದಕ್ಕೆ ಆರು ಪಿನ್ನಿನ ಪ್ರತ್ಯೇಕ ಪವರ್ ಕೇಬಲ್ ಬೇಕಿತ್ತು. ನಮ್ಮ ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಮೇಲೆ 450 ವ್ಯಾಟ್ ಅಂತ ಚೀಟಿ ಇತ್ತು, ಎತ್ತಿದರೆ ಖಾಲಿ ಡಬ್ಬಿಯಷ್ಟು ಹಗುರ. ಅದರಲ್ಲಿ ಆ ಕೇಬಲ್ಲೇ ಇಲ್ಲ. ಅರವತ್ತು ರೂಪಾಯಿಯ ಕನ್ವರ್ಟರ್ ಹಾಕಿ ಸಿಕ್ಕಿಸಿದೆ. ಮೂರನೇ ದಿನ ಮಧ್ಯಾಹ್ನ, ಆಟದ ನಡುವೆ 'ಟಪ್' ಅಂತ ಸದ್ದು, ಸುಟ್ಟ ವಾಸನೆ, ಕತ್ತಲೆ. ಎಸ್‌ಎಂಪಿಎಸ್ ಜೊತೆ ಮದರ್‌ಬೋರ್ಡ್, ಹಾರ್ಡ್‌ಡಿಸ್ಕ್ ಎರಡೂ ಹೋದವು. ಡಿಸ್ಕಿನಲ್ಲಿ ಅಂಗಡಿಯ ಮೂರು ವರ್ಷದ ಲೆಕ್ಕ ಇತ್ತು. ಅಜ್ಜಿಯ ಕೊನೆಯ ದೀಪಾವಳಿಯ ಫೋಟೊಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ಅಪ್ಪ ಅಂಗಡಿಯಿಂದ ಬರುವಷ್ಟರಲ್ಲಿ ಕಾರ್ಡ್ ಬಿಚ್ಚಿ ಬ್ಯಾಗಿನಲ್ಲಿ ಅಡಗಿಸಿದ್ದೆ. "ವೋಲ್ಟೇಜ್ ಜಾಸ್ತಿ ಬಂತು ಅನ್ಸುತ್ತೆ" ಅಂದೆ. ಅವರು ಕ್ಯಾಬಿನೆಟ್ ಮುಟ್ಟಿ, ಸಾಕೆಟ್ ನೋಡಿ, ಸುಮ್ಮನಾದರು. ನಂಬಿದರು ಅಂದುಕೊಂಡು ನಾನು ಮರೆತೂಬಿಟ್ಟೆ. ಆದರೆ ಹತ್ತು ವರ್ಷ ಅಪ್ಪ ಅದನ್ನು ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದರು. ಊರವರ ಮೋಟಾರ್ ಸರಿ ಮಾಡುವವನ ಮನೆಯಲ್ಲೇ ಅರ್ಥಿಂಗ್ ಇರಲಿಲ್ಲ, ಅದಕ್ಕೇ ತಾಯಿಯ ಫೋಟೊ ಹೋಯಿತು ಅಂತ.

ಹೇಳಿಬಿಟ್ಟೆ. ಕಾರ್ಡ್ ತಂದದ್ದು, ಕನ್ವರ್ಟರ್ ಹಾಕಿದ್ದು, ಅಡಗಿಸಿದ್ದು, ಎಲ್ಲ. ಮೂವತ್ತು ವರ್ಷದವನಿಗೆ ಅಷ್ಟು ಬೆವರು ಬಂದದ್ದು ಮೇ ತಿಂಗಳ ಬಿಸಿಲಿಗಂತೂ ಅಲ್ಲ.

ಅಪ್ಪ ಉಳಿ ಕೆಳಗಿಟ್ಟು ಸ್ವಲ್ಪ ಹೊತ್ತು ಗುಂಡಿ ನೋಡುತ್ತ ಕೂತರು. ಬೈಯಲಿ ಅಂತ ಕಾಯ್ತಿದ್ದೆ.

"ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲೋ" ಅಂದರು. ಆಮೇಲೆ, "ಈ ಸಲದ್ದು ಎಸ್‌ಎಂಪಿಎಸ್ ಎಷ್ಟು ವ್ಯಾಟಿಂದು? ತೋರ್ಸು ಬಾ."

ಅವತ್ತು ಮಧ್ಯಾಹ್ನ ಪಟ್ಟಿಯನ್ನು ಇಬ್ಬರೂ ಸೇರಿ ತಿರುವಿ ಹಾಕಿದೆವು. ಕೆಳಗಿನಿಂದ ಮೇಲಕ್ಕೆ.

ಮೊದಲು ಅರ್ಥಿಂಗ್. ಅಪ್ಪನ ಮಲ್ಟಿಮೀಟರ್ ನನ್ನ ರೂಮಿನ ಮೂರನೇ ಪಿನ್ನಿಗೆ ಅರ್ಥೇ ಇಲ್ಲ ಅಂತ ತೋರಿಸಿತು. ನಿಮ್ಮ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದಾಗ ಯಾವತ್ತಾದರೂ 'ಜುಂ' ಅಂದಿದೆಯಾ? ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲ ಸೋಸಲು ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ, ಇನ್ನೊಂದು ನ್ಯೂಟ್ರಲ್‌ನಿಂದ ಲೋಹದ ಮೈಗೆ ಸೇರಿಕೊಂಡಿರುತ್ತವೆ. ಅರ್ಥ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230ರ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತಿರುತ್ತದೆ. ಕರೆಂಟ್ ತೀರಾ ಕಡಿಮೆ, ಅದಕ್ಕೇ ಬರೀ ಜುಂ. ಆದರೆ ಒಳಗೆ ಫೇಸ್ ತಂತಿಯೇ ಬಿಚ್ಚಿ ಮೈಗೆ ತಾಗಿದರೆ ಜುಂ ಅನ್ನೋಕೆ ನಾವೇ ಇರೋದಿಲ್ಲ. ನಮ್ಮ ಪ್ಲಗ್ಗುಗಳಲ್ಲಿ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ ಇರೋದು ಅದಕ್ಕೇ. ಒಳಗೆ ಮೊದಲು ಹೋಗಬೇಕು, ಹೊರಗೆ ಕೊನೆಗೆ ಬರಬೇಕು. ಎಂಜಿನಿಯರಿಂಗ್ ಪಾಸಾದ ನನಗೆ ಇದು ಅವತ್ತು ತಿಳಿಯಿತು.

ಎಂಟಡಿ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಉಪ್ಪು. ಮೇಲೆ ನೀರು. ಗುಂಡಿ ತೋಡೋಕೆ ಕೊನೆಗೂ ಇಬ್ಬರು ಬಂದರು. ಹೊಸ ತಂತಿ, ಕೂಲಿ ಎಲ್ಲ ಸೇರಿ ಐದು ಸಾವಿರ. ನನ್ನ ಬಿಲ್ಡಿನ ಮೊದಲ ಕಾಂಪೊನೆಂಟ್ ಇದು.

ಎರಡನೆಯದು ಎಸ್‌ಎಂಪಿಎಸ್. "ಮೋಟಾರು ಶುರುವಾಗುವಾಗ ಎಷ್ಟು ಎಳೀತೈತೆ, ಅದನ್ನ ನೋಡಿ ಸ್ವಿಚ್ಚು ಹಾಕಬೇಕು. ಓಡುವಾಗಿಂದು ನೋಡಿ ಅಲ್ಲ" ಅಂದರು ಅಪ್ಪ. ಗ್ರಾಫಿಕ್ಸ್ ಕಾರ್ಡೂ ಅಷ್ಟೆ. ಹೆಸರಿಗೆ 300 ವ್ಯಾಟ್ ಆದರೂ ಕ್ಷಣಮಾತ್ರ ಅದಕ್ಕಿಂತ ಬಹಳ ಜಾಸ್ತಿ ಎಳೆಯುತ್ತದೆ. ಆರ್‌ಟಿಎಕ್ಸ್ 5070 ಟಿಐಗೆ ತಯಾರಕರೇ 750 ವ್ಯಾಟ್ ಹೇಳುತ್ತಾರೆ. ನಾವು 850 ವ್ಯಾಟಿನ ಗೋಲ್ಡ್ ದರ್ಜೆಯದು ತಗೊಂಡೆವು. 11 ಸಾವಿರ. ಮನೆಯ ಹಳೇ ಇನ್ವರ್ಟರ್ ಸ್ಕ್ವೇರ್ ವೇವ್, ಅದು ಇದಕ್ಕೆ ಆಗಿಬರೋದಿಲ್ಲ. ಕರೆಂಟ್ ಹೋದರೆ ಒಳ್ಳೆ ಎಸ್‌ಎಂಪಿಎಸ್ ಉಸಿರು ಹಿಡಿದುಕೊಳ್ಳುವುದು ಹೆಚ್ಚೂಕಡಿಮೆ 16 ಮಿಲಿಸೆಕೆಂಡ್. ಅಷ್ಟರೊಳಗೆ ಬದಲಾಯಿಸುವ ಸೈನ್ ವೇವ್ ಯುಪಿಎಸ್ ಬೇಕು. ಅದಕ್ಕೆ 15 ಸಾವಿರ.

ಮೂರನೆಯದು ಗಾಳಿ. ಗಾಜಿನ ತೊಟ್ಟಿ ನೋಡಿ ಅಪ್ಪ, "ಇದನ್ನ ಮೇ ತಿಂಗಳಾಗೆ ಮುಚ್ಚಿಟ್ರೆ ಒಳಗೆ ಮಿರ್ಚಿ ಕರೀಬಹುದು" ಅಂದರು. ಮುಂದೆ ಪೂರ್ತಿ ಜಾಲರಿ ಇರುವ ಕ್ಯಾಬಿನೆಟ್ 7 ಸಾವಿರಕ್ಕೆ ಬಂತು. ನೀರಿನ ಕೂಲರ್ ಬಿಟ್ಟು ದೊಡ್ಡ ಫ್ಯಾನಿನದು, 4 ಸಾವಿರ. ಅದರಲ್ಲಿ ಕೆಡೋಕೆ ಫ್ಯಾನ್ ಒಂದೇ ಇರೋದು. ನೀರಿನದಾದರೆ ಪಂಪೂ ಇರುತ್ತದೆ. ಪಂಪು ಕೆಡುವುದರ ಬಗ್ಗೆ ನಮ್ಮಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟಾದ ಮೇಲೆ ಪ್ರೊಸೆಸರ್. ಎಎಮ್‌ಡಿಯ 9800ಎಕ್ಸ್3ಡಿ, 7800ಎಕ್ಸ್3ಡಿ ಎರಡರಲ್ಲೂ 96 ಎಂಬಿ ಎಲ್3 ಕ್ಯಾಶ್ ಇರುತ್ತದೆ. ಪದೇ ಪದೇ ಬೇಕಾದ ಸಾಮಾನನ್ನು ಮಂಡಿಪೇಟೆಗೆ ಹೋಗಿ ತರುವ ಬದಲು ಅಡುಗೆಮನೆಯ ಕಪಾಟಿನಲ್ಲೇ ಇಟ್ಟುಕೊಂಡ ಹಾಗೆ. ಆಟಗಳಿಗೆ ಅದರಿಂದ ಬಹಳ ಲಾಭ. ಹೊಸ 9800ರಲ್ಲಿ ಆ ಕ್ಯಾಶ್ ಕೋರ್‌ಗಳ ಕೆಳಗಿದೆ, ತಂಪು ಮಾಡೋದು ಸುಲಭ. 2023ರ 7800ಎಕ್ಸ್3ಡಿಯಲ್ಲಿ ಕೋರ್‌ಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತಿದೆ. ಹೊಸದು ವೇಗ ಜಾಸ್ತಿ, ನಿಜ. ಆದರೆ ನನ್ನದು 27 ಇಂಚಿನ 1440ಪಿ ಮಾನಿಟರ್. ಅದರಲ್ಲಿ ಹೆಚ್ಚಿನ ಭಾರ ಗ್ರಾಫಿಕ್ಸ್ ಕಾರ್ಡಿನ ಮೇಲೇ. ಹಳೆಯದನ್ನೇ 37 ಸಾವಿರಕ್ಕೆ ಕೊಂಡೆ. ಅದಕ್ಕೆ ಬಿ650 ಬೋರ್ಡ್ 15, 32 ಜಿಬಿ ಡಿಡಿಆರ್5 ರ‍್ಯಾಮ್ 10, 2 ಟಿಬಿ ಎಸ್‌ಎಸ್‌ಡಿ 12. ಆ ವರ್ಷದ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ರ‍್ಯಾಮ್ ಬೆಲೆ ಎರಡು ಪಟ್ಟು ಮೀರಿ ಏರಿತು. ಅಷ್ಟರಲ್ಲಿ ನಾನು ಕೊಂಡಾಗಿತ್ತು. ಬುದ್ಧಿವಂತಿಕೆ ಅಲ್ಲ, ಅದೃಷ್ಟ.

ಕೊನೆಗೆ ಉಳಿದದ್ದು ನನ್ನ ಕನಸಿನ 5080. ಅದಕ್ಕೆ ನಮ್ಮ ದೇಶದಲ್ಲಿ ಕಂಪನಿ ಹೇಳಿದ ಬೆಲೆ 1,07,000. 5070 ಟಿಐಗೆ 80,000. ಎರಡರಲ್ಲೂ ಮೆಮರಿ 16 ಜಿಬಿಯೇ. ದೊಡ್ಡದು 360 ವ್ಯಾಟ್, ಚಿಕ್ಕದು 300. ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ? ಒಂದು ರಾತ್ರಿ ಪೂರ್ತಿ ಎರಡರ ಹೋಲಿಕೆಯ ವಿಡಿಯೊ ನೋಡಿದೆ. ಆದರೆ ಆ 27 ಸಾವಿರ ಎಲ್ಲಿಂದ ತರಲಿ? ಯುಪಿಎಸ್, ಎಸ್‌ಎಂಪಿಎಸ್, ಅರ್ಥಿಂಗ್‌ನಿಂದಲೇ ಕೀಳಬೇಕು. ಆ ಲೆಕ್ಕವನ್ನು 2015ರಲ್ಲೇ ಒಮ್ಮೆ ಮಾಡಿಯಾಗಿತ್ತು. ಚಿಕ್ಕದನ್ನೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡು, ವಂದೇ ಭಾರತ್ ರೈಲಿನಲ್ಲಿ ದಾವಣಗೆರೆವರೆಗೂ ಕೂಸಿನ ಹಾಗೆ ತೊಡೆ ಮೇಲಿಟ್ಟುಕೊಂಡು ಬಂದೆ. ಒಟ್ಟು 1,96,000. ಬಣ್ಣದ ಲೈಟಿಗೆ ದುಡ್ಡು ಉಳಿದಿತ್ತು, ಆಸೆ ಉಳಿದಿರಲಿಲ್ಲ.

ಜೋಡಿಸಲು ಕೂತಾಗ ಅಪ್ಪ ಟಾರ್ಚ್ ಹಿಡಿದು ಪಕ್ಕದಲ್ಲೇ ಇದ್ದರು. ಗ್ರಾಫಿಕ್ಸ್ ಕಾರ್ಡಿನ ಪವರ್ ಕೇಬಲ್ ಸಿಕ್ಕಿಸಿದ ಮೇಲೆ ನನ್ನ ಕೈ ಸರಿಸಿ ತಾವೇ ಒಮ್ಮೆ ಒತ್ತಿ ನೋಡಿದರು. ಸ್ವಿಚ್ ಹಾಕಿದೆ. ಫ್ಯಾನ್‌ಗಳು ತಿರುಗಿದವು, ಪರದೆ ಬೆಳಗಿತು. ನಾನು ಪರದೆ ನೋಡುತ್ತಿದ್ದರೆ ಅಪ್ಪ ಕೈ ಮಡಚಿ, ಹಿಂಗೈಯನ್ನು ಕ್ಯಾಬಿನೆಟ್ಟಿಗೆ ತಾಗಿಸಿದರು. ಹಳೇ ಎಲೆಕ್ಟ್ರಿಷಿಯನ್‌ಗಳ ಅಭ್ಯಾಸ ಅದು. ಶಾಕ್ ಹೊಡೆದರೆ ಸ್ನಾಯು ಬಿಗಿದು ಕೈ ತಾನೇ ಹಿಂದೆ ಬರಬೇಕು, ಹಿಡಿದುಕೊಳ್ಳಬಾರದು ಅಂತ.

"ಜುಂ ಅಂತಿಲ್ಲ" ಅಂದರು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಕರೆಂಟ್ ಬಿಲ್ ಎಷ್ಟಾಗ್ತೈತೆ?"

"ಎರಡು ಗಂಟೆ ಆಡಿದ್ರೆ ಒಂದು ಯೂನಿಟ್ ಅಮ್ಮಾ."

"ನೀನು ಎರಡು ಗಂಟೆಗೆ ಏಳೋನಾ?" ಅಂದಳು.

ಅಪ್ಪ ನಕ್ಕರು. ಆಮೇಲೆ, "ನಿನ್ನ ಮೊಬೈಲಿನ ಫೋಟೊ ಎಲ್ಲ ಇದರೊಳಗೆ ಹಾಕೋ. ಇನ್ನೊಂದು ಕಡೆನೂ ಇಟ್ಕೋ" ಅಂದರು. ಅವತ್ತು ರಾತ್ರಿ ಆಟ ಆಡಲಿಲ್ಲ. ಅಪ್ಪ ಅಮ್ಮನ ಫೋನ್‌ಗಳಿಂದ ಫೋಟೊ ಇಳಿಸಿ, ಎರಡು ಕಡೆ ಉಳಿಸುವಷ್ಟರಲ್ಲಿ ಹನ್ನೆರಡಾಯಿತು. ಟೊರಾಂಟೊ ಗೆಳೆಯ ಮೆಸೇಜ್ ಮಾಡಿದ್ದ: "ಏನೋ, ಹೊಸ ಮಷಿನ್ ಹೆಂಗೈತೆ?"

"ಅರ್ಥಿಂಗ್ ಸೂಪರ್" ಅಂತ ಕಳಿಸಿದೆ.