ಮರಳಿ ಬಂದವರ ಖರ್ಚಿನ ಪುಸ್ತಕ

ಹದಿನೇಳು ವರ್ಷ ಶಾರ್ಜದಲ್ಲಿದ್ದು ನಾವು ಪೆರ್ಲದ ಮನೆಗೆ ಮರಳಿದ್ದು 2022ರ ಜೂನ್ ತಿಂಗಳಲ್ಲಿ. ಮಂಗಳೂರು ವಿಮಾನ ನಿಲ್ದಾಣದಿಂದ ಹೊರಟ ಬಾಡಿಗೆ ಕಾರು ವಿಟ್ಲ ದಾಟಿ ಸಾರಡ್ಕಕ್ಕೆ ಬರುವಾಗ ಮಳೆ ಹಿಡಿದಿತ್ತು. ಗಡಿಯೆಂದು ಸಾರುವಂಥದು ಅಲ್ಲಿ ದೊಡ್ಡದೇನೂ ಇಲ್ಲ. ಹೆಸರುಹಲಗೆಗಳಲ್ಲಿ ಕನ್ನಡದ ಪಕ್ಕಕ್ಕೆ ಮಲಯಾಳವೂ ಬಂದು ಕುಳಿತಿತೆಂದರೆ ನಮ್ಮ ಸೀಮೆ ಬಂತೆಂದು ತಿಳಿಯಬೇಕು, ಅಷ್ಟೆ. ಮನೆಯಂಗಳದಲ್ಲಿ ಇಳಿದು ಬಾಡಿಗೆ ಕೇಳಿದಾಗ ಚಾಲಕರು 2,200 ರೂಪಾಯಿ ಎಂದರು. ನಮ್ಮಿಬ್ಬರ ಬಾಯಿಂದಲೂ ಏಕಕಾಲಕ್ಕೆ ಹೊರಟ ಮಾತು, “ನೂರ ಐದು ದಿರ್ಹಮ್.” ಚಾಲಕರು ನಕ್ಕರು. ಇಂಥವರನ್ನು ಅವರು ಎಷ್ಟು ಮಂದಿ ಕಂಡಿದ್ದಾರೋ!

ಕೊಲ್ಲಿ ನಾಡಿಗೆ ಹೋದವರೆಲ್ಲರಿಗೂ ಈ ಗುಣಾಕಾರದ ಚಟ ಅಂಟಿಕೊಳ್ಳುತ್ತದೆ. ಅಲ್ಲಿ ಒಂದು ದಿರ್ಹಮಿನ ಚಾ ಕುಡಿಯುವಾಗ ಮನಸ್ಸು ರೂಪಾಯಿಯಲ್ಲಿ ಲೆಕ್ಕ ಹಾಕಿ ಮರುಗುತ್ತದೆ. ಊರಿಗೆ ಬಂದ ಮೇಲೆ ಭಾಗಾಕಾರ ಆರಂಭವಾಗುತ್ತದೆ. ಆಗ ಪ್ರತಿಯೊಂದು ವಸ್ತುವೂ ಅಗ್ಗವಾಗಿ ಕಂಡು ಕೈ ಸಡಿಲವಾಗುತ್ತದೆ. ಮೊದಲನೆಯದರಿಂದ ದುಡ್ಡು ಉಳಿಯುತ್ತದೆ, ಎರಡನೆಯದರಿಂದ ಕರಗುತ್ತದೆ. ನಮ್ಮ ಹಿರಿಯರ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ದುಬೈ, ಶಾರ್ಜಗಳಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಆ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿದಾಗಲೂ ಬೆಲೆ ಸರಿಸಮವಾಗಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಬಳಿಕ ಅವರು ಅದನ್ನು ಕೈಬಿಟ್ಟರು. ದಿರ್ಹಮ್ ಬಂದುದು 1973ರಲ್ಲಿ. ನಾವು ಹೋದ 2005ರಲ್ಲಿ ಒಂದು ದಿರ್ಹಮಿಗೆ ಸುಮಾರು 12 ರೂಪಾಯಿ ಸಿಗುತ್ತಿತ್ತು, ಮರಳುವಾಗ 21, 2025ರಲ್ಲಿ 23 ದಾಟಿತು. “ಇನ್ನೆರಡು ವರ್ಷ ನಿಲ್ಲಬಾರದಿತ್ತೇ?” ಎಂದು ನೆಂಟರು ಕೇಳುವುದು ಇದೇ ಕಾರಣಕ್ಕೆ.

ಶಾರ್ಜದ ಕೊನೆಯ ವರ್ಷದ ಪುಸ್ತಕ ನಮ್ಮಲ್ಲಿ ಇನ್ನೂ ಉಂಟು. ನಮ್ಮಲ್ಲೊಬ್ಬರಿಗೆ ದುಬೈಯ ಒಂದು ಸಣ್ಣ ಕಂಪೆನಿಯಲ್ಲಿ ಲೆಕ್ಕಪತ್ರದ ಕೆಲಸ, ಸಂಬಳ 7,000 ದಿರ್ಹಮ್. ರೋಲಾದ ಒಂದು ಮಲಗುಕೋಣೆಯ ಮನೆಗೆ ವರ್ಷಕ್ಕೆ 26,000. ಅದನ್ನು ಮುಂದಿನ ದಿನಾಂಕ ಹಾಕಿದ ನಾಲ್ಕು ಚೆಕ್ಕುಗಳಲ್ಲಿ ಮೊದಲೇ ಬರೆದುಕೊಡಬೇಕು. ತಿಂಗಳಿಗೆ ಹಂಚಿದರೆ 2,167. ಮಗಳ ಶಾಲೆ ಮತ್ತು ಬಸ್ಸಿಗೆ 900, ಅಡುಗೆಮನೆಗೆ 1,300, ವಿದ್ಯುತ್ತು ನೀರಿಗೆ 350, ಫೋನು ಇಂಟರ್ನೆಟ್ಟಿಗೆ 350, ದಿನವೂ ದುಬೈಗೆ ಹೋಗಿಬರುವುದಕ್ಕೆ 400. ಒಟ್ಟು 5,467. ಆದಾಯ ತೆರಿಗೆ ಇಲ್ಲ ನಿಜ. ಆದರೆ 2018ರ ಜನವರಿ 1ರಿಂದ ಕೊಳ್ಳುವ ವಸ್ತುಗಳ ಮೇಲೆ ನೂರಕ್ಕೆ ಐದರ ತೆರಿಗೆ ಬಂತು. ಉಳಿಯುತ್ತಿದ್ದುದು 1,500 ದಿರ್ಹಮ್ ಚಿಲ್ಲರೆ, ಎಂದರೆ ಮೂವತ್ತೊಂದು ಸಾವಿರ ರೂಪಾಯಿ. ಶಾಲೆಯ ಬೇಸಗೆ ರಜೆಯಲ್ಲಿ ಟಿಕೇಟಿನ ಕ್ರಯ ಏರಿದ ವರ್ಷ ಮೂವರು ಊರಿಗೆ ಬಂದು ಹೋದರೆ ನಾಲ್ಕೈದು ತಿಂಗಳ ಉಳಿತಾಯ ಆಕಾಶದಲ್ಲೇ ಹೋಯಿತೆಂದು ತಿಳಿಯಬಹುದು. ಕೊಲ್ಲಿಯಿಂದ ಬಂದವರ ಪೆಟ್ಟಿಗೆಯನ್ನು ನೋಡಿ ಅಂದಾಜು ಕಟ್ಟುವವರಿಗೆ ಈ ಅಂಕಿಗಳು ತಿಳಿದಿರುವುದಿಲ್ಲ. ನಾವು ಹೇಳುವುದೂ ಇಲ್ಲ.

ಊರಿನಲ್ಲಿ ಮನೆಬಾಡಿಗೆ ಇಲ್ಲ, ತೆಂಗಿನಕಾಯಿ ಕೊಳ್ಳಬೇಕಾಗಿಲ್ಲ, ನೀರಿಗೆ ದುಡ್ಡಿಲ್ಲ. ಇಪ್ಪತ್ತು ಸಾವಿರದಲ್ಲಿ ತಿಂಗಳು ಸುಖವಾಗಿ ಕಳೆದೀತು ಎಂದು ರೋಲಾದ ಅಡುಗೆಮನೆಯಲ್ಲಿ ಕುಳಿತು ನಾವು ಬಜೆಟ್ ಮಾಡಿದ್ದೆವು. ಆ ಕಾಗದವೂ ಉಂಟು. ಅದನ್ನು ಈಗ ಓದುವಾಗ ನಗು ಬರುತ್ತದೆ.

ಮೊದಲ ಪೆಟ್ಟು ವಿದ್ಯುತ್ತಿನದು. ಶಾರ್ಜದ ಅಭ್ಯಾಸದಂತೆ ಮಲಗುವ ಕೋಣೆಗೆ ತಂಪು ಯಂತ್ರ ಹಾಕಿಸಿದೆವು. ಕೇರಳದಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್ ತನಕ ಮೆಟ್ಟಿಲು ಮೆಟ್ಟಿಲಾಗಿ ದರ. ಮೊದಲ 50ಕ್ಕೆ ಅತಿ ಕಡಮೆ, ಮತ್ತೆ ಮತ್ತೆ ಹೆಚ್ಚು. ಆದರೆ 250 ದಾಟಿದರೆ ಮೆಟ್ಟಿಲುಗಳೇ ಮಾಯವಾಗಿ ಮೊದಲ ಯೂನಿಟ್ಟಿನಿಂದ ಕೊನೆಯದರ ತನಕ ಒಂದೇ ಏರುದರ. ನಾವು ಎರಡು ತಿಂಗಳಿಗೆ 560 ಯೂನಿಟ್ ಉರಿಸಿ 4,200 ರೂಪಾಯಿ ತೆತ್ತೆವು. ಎಂಬತ್ತು ಯೂನಿಟ್ ಕಡಮೆ ಮಾಡಿದ್ದರೆ ಸಾವಿರಕ್ಕೂ ಹೆಚ್ಚು ಉಳಿಯುತ್ತಿತ್ತು. ಯಂತ್ರ ಈಗ ಮಾರ್ಚಿ ಎಪ್ರಿಲ್‌ಗಳಲ್ಲಿ ಮಾತ್ರ ನಡೆಯುತ್ತದೆ, ಅದೂ ರಾತ್ರಿ ಎರಡು ಗಂಟೆಯಷ್ಟು ಹೊತ್ತು.

ನೀರಿನ ವಿಷಯಕ್ಕೆ ಬಂದರೆ ನಮ್ಮ ಬಜೆಟ್ ಸುಳ್ಳಾಗಲಿಲ್ಲ. ಎಣ್ಮಕಜೆ, ಬಾಯಾರು ಕಡೆಯ ಓದುಗರಿಗೆ ಸುರಂಗವೆಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು: ಗುಡ್ಡದ ಮುರಕಲ್ಲಿನ ಮೈಗೆ ಅಡ್ಡಲಾಗಿ, ಒಬ್ಬರು ಬಾಗಿ ಹೋಗುವಷ್ಟು ಅಗಲಕ್ಕೆ ಪಿಕ್ಕಾಸಿನಿಂದ ಕೊರೆಯುತ್ತ ಒರತೆ ಸಿಗುವ ತನಕ ಹೋಗುವುದು. ನೀರು ತಾನಾಗಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ; ಪಂಪು ಬೇಡ, ಬಿಲ್ಲು ಬೇಡ. ನಮ್ಮ ಮನೆಯ ಸುರಂಗವನ್ನು ಅಜ್ಜನವರು ಅರುವತ್ತು ಕೋಲು ತೋಡಿಸಿದ್ದರು. ಶಾರ್ಜದಲ್ಲಿದ್ದಾಗ ಒಮ್ಮೆ ಅಲ್ ಐನ್ ಎಂಬ ಊರಿಗೆ ಹೋಗಿದ್ದೆವು. ಅಲ್ಲಿಯ ಖರ್ಜೂರದ ತೋಟಗಳಿಗೆ ನೆಲದಡಿಯ ಕಾಲುವೆಯಿಂದ ನೀರು ಬರುತ್ತದೆ. ಅದನ್ನು ಫಲಜ್ ಎನ್ನುತ್ತಾರೆ. ಆ ಊರಿನ ತೋಟಗಳೂ ಪ್ರಾಚೀನ ನಿವೇಶನಗಳೂ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಫಲಜಿನ ಬಾಯಿಯಲ್ಲಿ ನಿಂತಾಗ ಬಂದ ತಂಪು ಗಾಳಿ ನಮ್ಮ ಸುರಂಗದ ಗಾಳಿಯಂತೆಯೇ ಇತ್ತು. ಮಗಳಿಗೆ ಹೇಳಿದೆವು, “ಇಂಥದು ನಮ್ಮ ಮನೆಯ ಹಿಂದೆಯೂ ಉಂಟು.” ಅವಳು ನಂಬಲಿಲ್ಲ. ಸಮುದ್ರದ ಉಪ್ಪು ನೀರನ್ನು ಸಿಹಿ ಮಾಡಿ ಕುಡಿಸುವ ಊರಿನಲ್ಲಿ ಬೆಳೆದ ಮಗು, ಪಾಪ. ಈಗ ಶಾಲೆಯಿಂದ ಬಂದು ಅವಳು ಮೊದಲು ಮುಖ ತೊಳೆಯುವುದು ಆ ತೊಟ್ಟಿಯಲ್ಲಿ. ವರ್ಷಕ್ಕೊಮ್ಮೆ ಮಣ್ಣು ತೆಗೆಸುವುದಕ್ಕೆ ಇಬ್ಬರ ಒಂದು ದಿನದ ಮಜೂರಿ. ನೀರಿನ ಖರ್ಚು ಅಷ್ಟೇ.

ಆದರೆ ಆ ಮಜೂರಿ ಎಂಬುದೇ ನಮ್ಮ ಪುಸ್ತಕದ ದೊಡ್ಡ ಪುಟ. ರಿಸರ್ವ್ ಬ್ಯಾಂಕಿನ 2022-23ರ ಅಂಕಿಗಳ ಪ್ರಕಾರ ಕೃಷಿ ಕೂಲಿಯ ದಿನದ ಸರಾಸರಿ ದೇಶದಲ್ಲಿ 345 ರೂಪಾಯಿಯಾದರೆ ಕೇರಳದಲ್ಲಿ 764. ಅಡಿಕೆ ಮರ ಹತ್ತಿ ಮದ್ದು ಬಿಡುವವರು, ಕೊಯ್ಯುವವರು ಈ ಸರಾಸರಿಗೆ ಎಲ್ಲಿ ಸಿಗುತ್ತಾರೆ? ಅವರಿಗೆ ಅದರ ಎರಡರಷ್ಟು ಕೊಡಬೇಕು, ಹದಿನೈದು ದಿನ ಮೊದಲೇ ಹೇಳಿಡಬೇಕು. ಬಂದ ಮೊದಲ ವರ್ಷ ನಾವೂ ಎಲ್ಲರಂತೆ ಗೊಣಗಿದೆವು. ಒಂದು ದಿನ ಚಾ ಕುಡಿಯುತ್ತ ಜಗಲಿಯಲ್ಲಿ ಕುಳಿತ ಕೊಯ್ಲಿನವರು ಕೇಳಿದರು: “ಅಣ್ಣಾ, ನನ್ನ ತಮ್ಮ ಅಬುಧಾಬಿಯಲ್ಲಿ ತಿಂಗಳಿಗೆ 1,200 ದಿರ್ಹಮಿಗೆ ದುಡಿಯುತ್ತಾನೆ. ಒಂದು ಕೋಣೆಯಲ್ಲಿ ಎಂಟು ಜನ. ನಾನು ಇಲ್ಲಿ ಮರ ಹತ್ತಿ ಅವನಿಗಿಂತ ಹೆಚ್ಚು ಮಾಡುತ್ತೇನೆ. ಆದರೂ ಹೆಣ್ಣು ಕೊಡುವವರು ಅವನನ್ನೇ ಕೇಳಿ ಬರುತ್ತಾರೆ, ಯಾಕೆ?” ನಮ್ಮಲ್ಲಿ ಉತ್ತರವಿರಲಿಲ್ಲ. ನಾವೂ ಮಜೂರಿಗಾಗಿಯೇ ಸಮುದ್ರ ದಾಟಿದವರು. ಹೆಚ್ಚು ಸಿಕ್ಕಿದಲ್ಲಿ ದುಡಿಯುವುದು ನಮಗೆ ನ್ಯಾಯವಾದರೆ ಅವರಿಗೂ ನ್ಯಾಯವೇ. ಆ ದಿನದಿಂದ ಗೊಣಗುವುದನ್ನು ಬಿಟ್ಟು, ತೋಟದ ಹುಲ್ಲು ಕೊಯ್ಯುವ ಯಂತ್ರವನ್ನು ನಾವೇ ಹೆಗಲಿಗೆ ಹಾಕಿಕೊಂಡೆವು.

ಶಾಲೆಯಲ್ಲಿ ಮಾತ್ರ ನಿಜವಾಗಿ ಉಳಿಯಿತು. ಮಗಳನ್ನು ಕನ್ನಡ ಮಾಧ್ಯಮದ ಅನುದಾನಿತ ಶಾಲೆಗೆ ಸೇರಿಸಿದೆವು. ಶುಲ್ಕವಿಲ್ಲ, ವ್ಯಾನಿಗೂ ಸಂಜೆಯ ಪಾಠಕ್ಕೂ ಸೇರಿ ತಿಂಗಳಿಗೆ 3,500. ಶಾರ್ಜದಲ್ಲಿ ಅರಬಿ ಕಡ್ಡಾಯವಾದ ಕಾರಣ ಅವಳಿಗೆ ಅರಬಿ ಅಕ್ಷರ ಬರುತ್ತಿತ್ತು, ಕನ್ನಡದ್ದು ಬರುತ್ತಿರಲಿಲ್ಲ. ಐದನೆಯ ತರಗತಿಯ ಹುಡುಗಿ ಒಂದನೆಯ ತರಗತಿಯ ಪುಸ್ತಕ ಹಿಡಿದು ಅಜ್ಜಿಯ ಮುಂದೆ ಕುಳಿತು ಒತ್ತಕ್ಷರ ತಿದ್ದಿದಳು. ನೆಂಟರಲ್ಲಿ ಕೆಲವರು ನಮ್ಮನ್ನು ಬದಿಗೆ ಕರೆದು, “ದುಡ್ಡಿನ ಅಡಚಣೆಯೋ?” ಎಂದು ಮೆಲ್ಲನೆ ವಿಚಾರಿಸಿದರು. ಕನ್ನಡ ಶಾಲೆಗೆ ಸೇರಿಸುವುದಕ್ಕೆ ಬಡತನವಲ್ಲದೆ ಬೇರೆ ಕಾರಣವೂ ಇದ್ದೀತೆಂದು ನಮ್ಮ ಜನರಿಗೆ ತೋರದೆ ಹೋದದ್ದು ಯಾವಾಗಿನಿಂದ?

ಶಾರ್ಜದ ಪುಸ್ತಕದಲ್ಲಿ ಇರದ ಒಂದು ತಲೆಬರಹ ಇಲ್ಲಿ ಹೊಸತಾಗಿ ಬಂತು: ಆಮಂತ್ರಣ. ಗೃಹಪ್ರವೇಶ, ಮದುವೆ, ಕೋಲ, ಬ್ರಹ್ಮಕಲಶ, ಯಕ್ಷಗಾನ ಬಯಲಾಟ. ಪ್ರತಿಯೊಂದಕ್ಕೂ ಕಾಗದವೋ ರಶೀದಿ ಪುಸ್ತಕವೋ ಮನೆಗೆ ಬರುತ್ತದೆ. ಕೊಲ್ಲಿಯಿಂದ ಬಂದವರ ಹೆಸರಿನ ಮುಂದೆ ಒಂದು ಸೊನ್ನೆ ಹೆಚ್ಚು ಬರೆಯುವುದು ಊರಿನ ಕ್ರಮ. ಮಧೂರಿನಲ್ಲಿ 2025ರಲ್ಲಿ ಮೂಡಪ್ಪ ಸೇವೆ ನಡೆದ ವರ್ಷವಂತೂ ಈ ಪುಟ ತುಂಬಿ ಹಿಂಬದಿಗೂ ಹೋಯಿತು. ಹಾಗೆಂದು ಬೇಡವೆನ್ನುವಂತಿಲ್ಲ. ಅಮ್ಮ ಒಬ್ಬರೇ ಇದ್ದ ವರ್ಷಗಳಲ್ಲಿ ದೀಪ ಆರಿದೆಯೇ ಉರಿಯುತ್ತಿದೆಯೇ ಎಂದು ರಾತ್ರಿ ಎದ್ದು ನೋಡುತ್ತಿದ್ದವರ ಮನೆಯ ಮದುವೆಗೆ ಲೆಕ್ಕ ಹಾಕಿ ಹೋಗುವುದು ಹೇಗೆ?

ಅಮ್ಮನ ಮಾತು ಬಂತು. ನಾವು ಮರಳಿದ್ದೇ ಅವರಿಗಾಗಿ, ಇನ್ನೂ ಸರಿಯಾಗಿ ಹೇಳುವುದಾದರೆ ಒಂದು ಮಣ್ಣಿನ ರಾಶಿಗಾಗಿ. 2020ರ ಮಾರ್ಚಿಯಲ್ಲಿ ಕೋವಿಡ್ ಹರಡಿದಾಗ ತಲಪಾಡಿಯಲ್ಲೂ ಅನೇಕ ಒಳದಾರಿಗಳಲ್ಲೂ ಕರ್ನಾಟಕದ ಕಡೆಯಿಂದ ಗಡಿ ಮುಚ್ಚಿ ಮಣ್ಣು ಸುರಿದರು. ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಕಾಯಿಲೆಯೆಂದರೆ ಮಂಗಳೂರು. ಆ ದಿನಗಳಲ್ಲಿ ದಾರಿ ಸಿಗದೆ ಸತ್ತವರಿದ್ದಾರೆ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಎಪ್ರಿಲ್‌ನಲ್ಲಿ ತುರ್ತು ರೋಗಿಗಳನ್ನು ಬಿಡುವ ವ್ಯವಸ್ಥೆಯಾಯಿತು. ನಮ್ಮ ಮನೆಗೆ ಹತ್ತಿರದ ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಅವಸರದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ದೂ ಆಗಲೇ. ರೋಲಾದ ಹದಿನಾಲ್ಕನೆಯ ಮಾಳಿಗೆಯಲ್ಲಿ ಕುಳಿತು ನಾವು ದಿನಕ್ಕೆ ಐದು ಬಾರಿ ಫೋನು ಮಾಡುತ್ತಿದ್ದೆವು. ಅಮ್ಮನಿಗೆ ಆಗ ಎಪ್ಪತ್ತೊಂದು. ರಕ್ತದೊತ್ತಡದ ಮಾತ್ರೆ ಮುಗಿಯುತ್ತ ಬಂದಿತ್ತು. “ನನಗೇನೂ ಆಗುವುದಿಲ್ಲ, ನೀವು ಅಲ್ಲಿ ಜಾಗ್ರತೆ” ಎನ್ನುತ್ತಿದ್ದರು. ಆ ಮಾತನ್ನು ಕೇಳಿ ಫೋನು ಇಟ್ಟ ಒಂದು ರಾತ್ರಿ ನಾವು ಮರಳುವುದೆಂದು ನಿಶ್ಚಯವಾಯಿತು. ಅದನ್ನು ನಡೆಸುವುದಕ್ಕೆ ಎರಡು ವರ್ಷ ಬೇಕಾಯಿತು.

ಕೆಲಸ ಬಿಟ್ಟಾಗ ಅಲ್ಲಿಯ ಕಾನೂನಿನಂತೆ ಮೊದಲ ಐದು ವರ್ಷಕ್ಕೆ ವರ್ಷವೊಂದರ 21 ದಿನದ, ಮತ್ತಿನ ವರ್ಷಗಳಿಗೆ 30 ದಿನದ ಮೂಲವೇತನ ಕೈಗೆ ಬಂತು. ನಮ್ಮ ಮೂಲವೇತನ 3,500 ದಿರ್ಹಮ್ ಮಾತ್ರ. ಹದಿನೇಳು ವರ್ಷಕ್ಕೆ ಸಿಕ್ಕಿದ್ದು 54,250, ರೂಪಾಯಿಯಲ್ಲಿ ಹನ್ನೊಂದು ಲಕ್ಷದ ನಲುವತ್ತು ಸಾವಿರದಷ್ಟು. ನಿವೃತ್ತಿವೇತನವೆಂಬುದಿಲ್ಲ. ಮರುವರ್ಷ ಆಷಾಢದಲ್ಲಿ ಅಮ್ಮ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಈ ಬಾರಿ ಗಡಿ ತೆರೆದಿತ್ತು. ಆಂಬ್ಯುಲೆನ್ಸು ಒಂದೂವರೆ ಗಂಟೆಯಲ್ಲಿ ಮಂಗಳೂರು ಮುಟ್ಟಿತು. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಬಿಲ್ಲು 2,35,000. ಶಾರ್ಜದಲ್ಲಿ ಕಂಪೆನಿಯ ವಿಮೆ ನಮಗಿತ್ತು. ಇಲ್ಲಿ ನಾವು ಮೂವರಿಗೆ ವಿಮೆ ಮಾಡಿಸಿದ್ದರೂ, ಕಂತು ಹೆಚ್ಚೆಂದು ಅಮ್ಮನನ್ನು ಹೊರಗಿಟ್ಟಿದ್ದೆವು. ಯಾರಿಗಾಗಿ ಬಂದೆವೋ ಅವರನ್ನೇ ಬಿಟ್ಟು ವಿಮೆ! ಹದಿನೇಳು ವರ್ಷದ ದುಡಿಮೆಯ ಗಂಟಿನ ಐದರಲ್ಲೊಂದು ಪಾಲು ಒಂದೇ ಮಧ್ಯಾಹ್ನ ಕೌಂಟರಿನಲ್ಲಿ ಕಟ್ಟಿದೆವು. ಹೊರಗೆ ಬಂದು ಚಾ ಕುಡಿಯುವಾಗ, ಎಷ್ಟು ದಿರ್ಹಮ್ ಆಯಿತೆಂದು ನಮ್ಮಿಬ್ಬರಲ್ಲಿ ಯಾರೂ ಭಾಗಿಸಲಿಲ್ಲ. ಆ ಚಟ ಹೋದದ್ದು ಅಂದೇ ಇರಬೇಕು.

ನಮ್ಮ ಈಗಿನ ತಿಂಗಳ ಖರ್ಚು 39,600. ಅಡುಗೆಮನೆಗೆ 11,000, ತೋಟದ ಮಜೂರಿಗೆ 6,000, ಪೆಟ್ರೋಲಿಗೆ 4,500, ಅಮ್ಮನ ಔಷಧಿಗೆ 4,000, ಆಮಂತ್ರಣಕ್ಕೆ 4,000, ವಿಮೆಗೆ 3,500, ಶಾಲೆಗೆ 3,500, ವಿದ್ಯುತ್ತಿಗೆ 2,100, ಫೋನಿಗೆ 1,000. ಶಾರ್ಜದ ಖರ್ಚನ್ನು ರೂಪಾಯಿಗೆ ತಿರುಗಿಸಿದರೆ ಇದು ಅದರ ಮೂರರಲ್ಲೊಂದು ಪಾಲು. ಕೇಳುವುದಕ್ಕೆ ಹಿತವಾದ ಮಾತು. ಆದರೆ ಕುಂಬಳೆಯ ಅಂಗಡಿಯೊಂದರ ಲೆಕ್ಕ ಬರೆದು ಸಿಗುವುದು 18,000. ಉಳಿದದ್ದನ್ನು ಅಡಿಕೆ ಕೊಡಬೇಕು. ಕೊಳೆರೋಗ ಬಂದ ವರ್ಷ, ಎಲೆಚುಕ್ಕೆ ರೋಗ ತಗಲಿದ ವರ್ಷ ಅದು ಕೊಡುವುದಿಲ್ಲ. ಆಗ ಗಂಟಿಗೆ ಕೈ ಹಾಕಬೇಕು.

ಗಡಿಯಲ್ಲಿರುವವರಿಗೆ ಚಿಲ್ಲರೆ ಲಾಭಗಳೂ ಉಂಟು. ಪೆಟ್ರೋಲು ಕರ್ನಾಟಕದಲ್ಲಿ ನಮ್ಮಲ್ಲಿಗಿಂತ ಕಡಮೆ. 2023ರ ಎಪ್ರಿಲ್‌ನಲ್ಲಿ ಕೇರಳ ಲೀಟರಿಗೆ ಎರಡು ರೂಪಾಯಿಯ ಸೆಸ್ ಹಾಕಿದ ಮೇಲಂತೂ ವಿಟ್ಲಕ್ಕೋ ಪುತ್ತೂರಿಗೋ ಹೋದವರು ಟ್ಯಾಂಕು ತುಂಬಿಸದೆ ಬರುವುದಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಆ ರಾಜ್ಯದ ಹೆಂಗಸರಿಗೆ ಟಿಕೇಟು ಬೇಡವಾಯಿತು. ನಮ್ಮ ಮನೆಯವರು ಪುತ್ತೂರಿನ ಬಸ್ಸಿನಲ್ಲಿ ಅಚ್ಚ ಕನ್ನಡದಲ್ಲಿ ಮಾತಾಡಿದರೂ ಗುರುತಿನ ಚೀಟಿಯಲ್ಲಿ ಕೇರಳವಿದ್ದ ಕಾರಣ ದುಡ್ಡು ಕೊಡಲೇಬೇಕು. ನಿರ್ವಾಹಕರು ಟಿಕೇಟು ಹರಿಯುತ್ತ, “ಏನು ಮಾಡುವುದು ಅಕ್ಕಾ, ಮಾತಿಗೆ ಪಾಸಿಲ್ಲ” ಎಂದರಂತೆ.

ಶಾರ್ಜದಲ್ಲಿ ನಮ್ಮ ನೆರೆಯಲ್ಲಿದ್ದ ನೀರ್ಚಾಲು ಕಡೆಯ ಕುಟುಂಬವೊಂದು ಕಳೆದ ವಾರ ಫೋನು ಮಾಡಿತು. ಅವರಿಗೂ ಮರಳುವ ಯೋಚನೆ. ತಿಂಗಳಿಗೆ ಎಷ್ಟು ಬೇಕಾದೀತು ಎಂದು ಕೇಳಿದರು. ಪುಸ್ತಕ ತೆರೆದು ಒಂದೊಂದೇ ಬಾಬ್ತು ಓದಿ ಹೇಳಿದೆವು. ಅವರು ಅಲ್ಲಿ ಬರೆದುಕೊಂಡರು. “ಮಂಗಳೂರಿನ ದಾರಿಯ ಖರ್ಚು ಇದರಲ್ಲಿ ಸೇರಿಲ್ಲ, ಅದನ್ನು ಬೇರೆಯೇ ತೆಗೆದಿಡಿ, ಹಿರಿಯರನ್ನು ವಿಮೆಯಿಂದ ಹೊರಗಿಡಬೇಡಿ” ಎಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, ಅವರ ಮನೆಯ ಹಿಂದಿನ ಹಳೆಯ ಸುರಂಗದಲ್ಲಿ ಈಗಲೂ ನೀರಿದೆಯೇ ಎಂದು ಒಮ್ಮೆ ಹೋಗಿ ನೋಡಿ ಬರುವಿರಾ ಎಂದು ಕೇಳಿದರು. ಬರುವ ಆದಿತ್ಯವಾರ ಹೋಗುವವರಿದ್ದೇವೆ.