ಗಲ್ಫ್ ವಿಮಾನದ ಪುಟ್ಟ ಪ್ರಯಾಣಿಕರು

ಮಂಗಳೂರು ವಿಮಾನ ನಿಲ್ದಾಣದ ಹೊರಗೆ ಗಲ್ಫ್ ವಿಮಾನದ ಹೊತ್ತಿಗೆ ಒಂದರ್ಧ ಗಂಟೆ ನಿಂತರೆ ಸಾಕು, ನಮ್ಮ ಕರಾವಳಿಯ ಸಂಸಾರಗಳ ಕಥೆಯೆಲ್ಲ ಕಣ್ಣ ಮುಂದೆ ಹಾದುಹೋಗುತ್ತದೆ. ಕಾರಿನಿಂದ ಮೊದಲು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು ಇಳಿಯುತ್ತವೆ. ಅದರಲ್ಲಿ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ. ಆಮೇಲೆ ಅಜ್ಜ, ಅಜ್ಜಿ, ಮಾವಂದಿರು. ಎಲ್ಲರಿಗಿಂತ ಕೊನೆಗೆ ಇಳಿಯುವವಳು ಪ್ರಯಾಣ ಹೊರಟವಳು. ಹೆಗಲ ಮೇಲೆ ನಿದ್ದೆಹೋದ ಒಂದು ಮಗು, ಬೆರಳು ಹಿಡಿದುಕೊಂಡ ಇನ್ನೊಂದು. ಬಾಣಂತನಕ್ಕೆಂದು ತವರಿಗೆ ಬಂದವಳು ಈಗ ಗಂಡನ ಬಳಿಗೆ ಹೊರಟಿದ್ದಾಳೆ. ಆ ಹಸುಗೂಸನ್ನು ಅದರ ತಂದೆ ಇದುವರೆಗೆ ನೋಡಿದ್ದು ಫೋನಿನಲ್ಲಿ ಮಾತ್ರ.

ಇಂಥ ಮಗುವಿನ ಬಗ್ಗೆಯೇ ಒಂದು ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಲೋಕದ ಹಲವೆಡೆ ಕೇಳಿಬರುತ್ತಿದೆ. ನೂರಾರು ಜನ ಹಣ ಕೊಟ್ಟು ಕುಳಿತಿರುವ ವಿಮಾನದಲ್ಲಿ ಅಳುವ ಮಕ್ಕಳನ್ನು ಕರೆತರುವುದು ಸರಿಯೇ? ಅವರಿಗೆ ಬೇರೆ ಸಾಲು, ಬೇರೆ ಭಾಗ ಇರಬೇಡವೇ? ಇನ್ನೂ ಮುಂದೆ ಹೋಗಿ, ಸಣ್ಣ ಮಕ್ಕಳಿರುವವರು ಮನೆಯಲ್ಲೇ ಇರಬಾರದೇ ಎನ್ನುವವರೂ ಇದ್ದಾರೆ.

ಉತ್ತರ ಹುಡುಕುವ ಮೊದಲು ನಮ್ಮ ವಿಮಾನಗಳು ಎಂಥವು ಎಂಬುದನ್ನು ನೋಡಬೇಕು. ಬಜಪೆಯಲ್ಲಿ ವಿಮಾನ ನಿಲ್ದಾಣ ಆರಂಭವಾದದ್ದು 1951ರಲ್ಲಿ. ಆದರೆ ಅಲ್ಲಿಂದ ನೇರವಾಗಿ ಗಲ್ಫ್‌ಗೆ ಹಾರಲು 2006ರವರೆಗೆ ಕಾಯಬೇಕಾಯಿತು. ಅದಕ್ಕೆ ಮುಂಚೆ ಗಲ್ಫ್ ಎಂದರೆ ಮೊದಲು ಮುಂಬೈ. ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಮುಂಬೈ ಸೇರಬೇಕು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಆ ಕಷ್ಟ ಸ್ವಲ್ಪ ಕಡಿಮೆಯಾಯಿತು. ಅಲ್ಲಿ ಪರಿಚಯದವರ ಕೋಣೆಯಲ್ಲಿ ದಿನ ಕಳೆದು ರಾತ್ರಿಯ ವಿಮಾನ ಹಿಡಿಯಬೇಕು. ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಒಂಟಿಯಾಗಿ ಹೋಗುವ ಧೈರ್ಯ ಎಷ್ಟು ಹೆಣ್ಣುಮಕ್ಕಳಿಗಿತ್ತು? ಗಂಡ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಮಗು ಅವನನ್ನು ಕಂಡು ಹೆದರಿ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿತ್ತು. ನಮ್ಮ ಊರುಗಳಲ್ಲಿ ಈ ಮಾತನ್ನು ನಗುತ್ತಾ ಹೇಳುವ ತಾಯಂದಿರು ಈಗಲೂ ಇದ್ದಾರೆ. ಆ ನಗುವಿನ ಹಿಂದೆ ಏನಿದೆಯೆಂದು ಕೇಳಿದವರಿಗೇ ಗೊತ್ತು.

ನೇರ ವಿಮಾನ ಬಂದ ಮೇಲೆ ಇದು ಬದಲಾಯಿತು. ಮಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆಯ ಹಾದಿ. ಬೆಳಿಗ್ಗೆ ತವರಲ್ಲಿ ಚಹಾ ಕುಡಿದವಳು ಮಧ್ಯಾಹ್ನದ ಊಟಕ್ಕೆ ಗಂಡನ ಮನೆಯಲ್ಲಿರಬಹುದು. ಈ ವಿಮಾನ ನಮ್ಮವರ ಪಾಲಿಗೆ ಮೋಜಿನ ವಾಹನವಾಗಿರಲಿಲ್ಲ, ಕಡಲು ದಾಟುವ ಬಸ್ಸೇ ಆಯಿತು. ಅದರೊಳಗೆ ಯಾರಿರುತ್ತಾರೆಂಬುದು 2010ರ ಮೇ 22ರ ಮುಂಜಾನೆ ದೇಶಕ್ಕೆಲ್ಲ ತಿಳಿಯಿತು. ದುಬೈಯಿಂದ ಬಂದ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ ಉಳಿದವರು ಎಂಟು ಜನ. ಅಗಲಿದ 158 ಮಂದಿಯಲ್ಲಿ ತಾಯಂದಿರಿದ್ದರು, ಅವರ ಮಡಿಲ ಮಕ್ಕಳಿದ್ದರು. ತಣ್ಣೀರುಬಾವಿಯ ಬಳಿ ನದಿಯ ದಡದಲ್ಲಿ ಅವರ ನೆನಪಿಗೊಂದು ಉದ್ಯಾನವಿದೆ. ಆ ದಿನದ ನಂತರವೂ ನಮ್ಮ ಹೆಣ್ಣುಮಕ್ಕಳು ದುಆ ಹೇಳಿಕೊಂಡು, ಮಕ್ಕಳನ್ನೆತ್ತಿಕೊಂಡು ಅದೇ ಗುಡ್ಡದಿಂದ ವಿಮಾನ ಹತ್ತುತ್ತಿದ್ದಾರೆ. ಸಂಸಾರ ಆಚೆ ದಡದಲ್ಲಿದೆ, ಹತ್ತದೆ ಇರಲಾಗದು.

ಕಳೆದ ಸಲ ನಾನು ಹೋದ ವಿಮಾನದಲ್ಲಿ ನನ್ನ ಮುಂದಿನ ಸಾಲಿನಲ್ಲಿ ಪುತ್ತೂರಿನ ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ಮಡಿಲಲ್ಲಿ ಏಳು ತಿಂಗಳ ಗಂಡುಮಗು, ಪಕ್ಕದಲ್ಲಿ ನಾಲ್ಕು ವರ್ಷದ ಹುಡುಗಿ. ವಿಮಾನ ಏರುತ್ತಿದ್ದಂತೆ ಮಗು ಅಳತೊಡಗಿತು. ಸುಮ್ಮನಾಯಿತು, ಮತ್ತೆ ಶುರು. ಆ ಕಡೆಯ ಸಾಲಿನಲ್ಲಿದ್ದ ಮಹನೀಯರೊಬ್ಬರು ಪುಸ್ತಕ ಮುಚ್ಚಿ, ಎಲ್ಲರಿಗೂ ಕೇಳುವಂತೆ, "ಇಷ್ಟು ಸಣ್ಣ ಮಕ್ಕಳನ್ನು ಯಾಕಾದರೂ ಕರೆದುಕೊಂಡು ಬರುತ್ತಾರೋ" ಎಂದರು. ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ತಲೆ ಎತ್ತಲಿಲ್ಲ. ಶಾಲು ಹೊದ್ದು ಮಗುವಿಗೆ ಹಾಲೂಡಿಸಲು ಯತ್ನಿಸಿದಳು, ಅದು ಬಾಯಿ ತಿರುಗಿಸಿತು. ಆಗ ಹಿಂದಿನ ಸಾಲಿನಿಂದ ಕುಂದಾಪುರದ ಕಡೆಯ ಮಾತಿನ ಹಿರಿಯರೊಬ್ಬರು ಎದ್ದು ಬಂದರು. ಸೀರೆ ಉಟ್ಟಿದ್ದರು, ಹಣೆಗೆ ಕುಂಕುಮ. "ಮಗೂನ ಇಲ್ಲಿ ಕೊಡು ಮಗಳೇ, ನೀನು ಸ್ವಲ್ಪ ನೀರು ಕುಡಿ" ಎಂದು ಎತ್ತಿಕೊಂಡರು. ಸಾಲುಗಳ ನಡುವೆ ಎರಡು ಸಲ ನಡೆದಾಡುವಷ್ಟರಲ್ಲಿ ಮಗು ಅವರ ಹೆಗಲಿಗೆ ಕೆನ್ನೆಯಿಟ್ಟು ಮಲಗಿತ್ತು. ಆ ಮಹನೀಯರು ಪುಸ್ತಕ ತೆರೆದರು, ಪುಟ ಮಾತ್ರ ತಿರುವಿದ್ದು ಕಾಣಲಿಲ್ಲ.

ಮಗು ಯಾಕೆ ಅಳುತ್ತದೆಂದು ಆ ಮಹನೀಯರಿಗೆ ತಿಳಿದಿದ್ದರೆ ಪ್ರಾಯಶಃ ಆ ಮಾತು ಬರುತ್ತಿರಲಿಲ್ಲ. ವಿಮಾನ ಎಷ್ಟೇ ಎತ್ತರದಲ್ಲಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ ಈ ಒತ್ತಡ ಬದಲಾಗುತ್ತದೆ. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ನಾಳವಿದೆ. ನಾವು ಉಗುಳು ನುಂಗಿದಾಗ, ಆಕಳಿಸಿದಾಗ ಅದು ತೆರೆದು ಕಿವಿಯ ಒತ್ತಡ ಸರಿಯಾಗುತ್ತದೆ. ಮಕ್ಕಳಲ್ಲಿ ಈ ನಾಳ ಕಿರಿದು, ಬೇಗನೆ ಮುಚ್ಚಿಕೊಳ್ಳುತ್ತದೆ. ಶೀತವಾಗಿದ್ದರಂತೂ ನೋವು ಸಹಿಸಲಾಗದು. ಅದನ್ನು ಹೇಳಲು ಅವಕ್ಕೆ ಇರುವ ಮಾತು ಅಳುವೊಂದೇ.

ಆದ್ದರಿಂದ ವಿಮಾನ ಏರುವಾಗ ಮತ್ತು ಇಳಿಯತೊಡಗಿದಾಗ ಎದೆಹಾಲು ಅಥವಾ ಬಾಟಲಿ ಕೊಡುವುದು ಒಳ್ಳೆಯದು. ನುಂಗುತ್ತಿದ್ದರೆ ನಾಳ ತೆರೆಯುತ್ತದೆ. ಹಲವರು ಹತ್ತಿದ ಕೂಡಲೇ ಹೊಟ್ಟೆತುಂಬ ಕುಡಿಸಿಬಿಡುತ್ತಾರೆ, ವಿಮಾನ ಹೊರಡುವುದು ತಡವಾಗಿ ಏರುವ ಹೊತ್ತಿಗೆ ಮಗುವಿಗೆ ಬೇಡವಾಗುತ್ತದೆ. ದೊಡ್ಡ ಮಕ್ಕಳಾದರೆ ಇಳಿಯುವಾಗ ಎಬ್ಬಿಸಿ ನೀರು ಗುಟುಕರಿಸಲು ಕೊಡಿ. ವಿಮಾನದ ಗಾಳಿ ಬಹಳ ಒಣಗಿರುತ್ತದೆ, ಬಾಯಾರಿಕೆಯೂ ಅಳುವಿಗೊಂದು ಕಾರಣ. ಕೈಚೀಲದಲ್ಲಿ 100 ಮಿ.ಲೀ.ಗಿಂತ ಹೆಚ್ಚು ದ್ರವ ಒಯ್ಯಬಾರದೆಂಬ ನಿಯಮ ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನ್ಯವಾದರೂ, ದಾರಿಗೆ ಬೇಕಾಗುವಷ್ಟು ಮಗುವಿನ ಹಾಲು, ಆಹಾರಕ್ಕೆ ವಿನಾಯಿತಿಯಿದೆ. ತಪಾಸಣೆಯಲ್ಲಿ ತೆಗೆದು ತೋರಿಸಿದರಾಯಿತು. ಇನ್ನೊಂದು ಮಾತು. ಮಗು ಮಲಗಲೆಂದು ಶೀತದ ಸಿರಪ್ ಕುಡಿಸುವ ಉಪಾಯವನ್ನು ನೆರೆಮನೆಯವರು ಹೇಳಿಕೊಡುವುದುಂಟು. ದಯವಿಟ್ಟು ಬೇಡ. ಕೆಲವು ಮಕ್ಕಳಿಗೆ ಅದರಿಂದ ನಿದ್ದೆಯ ಬದಲು ಚಡಪಡಿಕೆ ಹೆಚ್ಚುತ್ತದೆ, ವೈದ್ಯರನ್ನು ಕೇಳದೆ ಕೊಡುವುದು ಅಪಾಯವೂ ಹೌದು.

ಎರಡು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಸೀಟು ಕಡ್ಡಾಯವಲ್ಲ, ತಾಯಿಯ ಮಡಿಲೇ ಸೀಟು. ಗಗನಸಖಿ ಒಂದು ಸಣ್ಣ ಬೆಲ್ಟ್ ತಂದು ತಾಯಿಯ ಬೆಲ್ಟಿಗೆ ಸೇರಿಸುತ್ತಾಳೆ. ಹಸುಗೂಸುಗಳಿರುವ ಇಬ್ಬರು ತಾಯಂದಿರು ಒಂದೇ ಬದಿಯಲ್ಲಿ ಅಕ್ಕಪಕ್ಕ ಕುಳಿತರೆ ಒಬ್ಬರನ್ನು ಬೇರೆ ಸಾಲಿಗೆ ಕಳಿಸುವುದುಂಟು. ಅಕ್ಕತಂಗಿಯರು ಜೊತೆಯಾಗಿ ಹೋಗುವಾಗ ಇದರಿಂದ ಬೇಸರಗೊಂಡದ್ದನ್ನು ಕಂಡಿದ್ದೇನೆ. ಕಾರಣ ಸರಳ. ಗಲ್ಫ್‌ಗೆ ಹಾರುವ ಈ ಸಣ್ಣ ವಿಮಾನಗಳಲ್ಲಿ ಮೂರು ಸೀಟುಗಳ ಮೇಲೆ ಸಾಮಾನ್ಯವಾಗಿ ನಾಲ್ಕು ಆಮ್ಲಜನಕದ ಮುಖವಾಡಗಳಿರುತ್ತವೆ. ಮಡಿಲಲ್ಲಿ ಎರಡು ಮಕ್ಕಳಾದರೆ ಒಂದಕ್ಕೆ ಇಲ್ಲ. ಆ ಮುಖವಾಡ ಕೆಳಗೆ ಬಿದ್ದರೆ ತಾಯಿ ಮೊದಲು ತಾನು ಹಾಕಿಕೊಂಡು ಆಮೇಲೆ ಮಗುವಿಗೆ ಹಾಕಬೇಕು. ತಾಯಿಯ ಮನಸ್ಸು ಇದನ್ನು ಒಪ್ಪುವುದು ಕಷ್ಟ. ಆದರೆ ಅವಳೇ ಪ್ರಜ್ಞೆ ತಪ್ಪಿದರೆ ಮಗುವಿಗೆ ಹಾಕುವವರು ಯಾರು?

ಈಗ ಬೇರೆ ಸಾಲಿನ ವಿಷಯ. ಇದು ಬರೀ ಮಾತಾಗಿ ಉಳಿದಿಲ್ಲ. ಮಲೇಶ್ಯಾ ಏರ್‌ಲೈನ್ಸ್ 2012ರಲ್ಲಿ ತನ್ನ ಎರಡಂತಸ್ತಿನ ದೊಡ್ಡ ವಿಮಾನದ ಮೇಲಂತಸ್ತಿನ ಸಾಮಾನ್ಯ ದರ್ಜೆಯನ್ನು 12ಕ್ಕಿಂತ ಸಣ್ಣ ಮಕ್ಕಳಿಲ್ಲದ ಭಾಗ ಮಾಡಲು ಹೊರಟಿತು. ಮರುವರ್ಷ ಏರ್‌ಏಷ್ಯಾ ಎಕ್ಸ್, ಸಿಂಗಾಪುರದ ಸ್ಕೂಟ್ ಕಂಪೆನಿಗಳು ಮೌನದ ಸಾಲುಗಳನ್ನು ಮಾಡಿದವು. ನಮ್ಮ ದೇಶದ ಇಂಡಿಗೋ 2016ರಲ್ಲಿ ಕೆಲವು ಸಾಲುಗಳನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದಿಲ್ಲವೆಂದಾಗ ದೊಡ್ಡ ಚರ್ಚೆಯೇ ನಡೆಯಿತು. 2023ರಲ್ಲಿ ಕೊರೆಂಡನ್ ಎಂಬ ಕಂಪೆನಿ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಡುವ ಒಂದು ದೂರದ ಮಾರ್ಗದಲ್ಲಿ 16 ವರ್ಷ ದಾಟಿದವರಿಗಷ್ಟೇ ಇರುವ ಭಾಗ ಮಾಡಿ ಅದಕ್ಕೆ ಹೆಚ್ಚು ಹಣ ಪಡೆಯಿತು. ಜಪಾನ್ ಏರ್‌ಲೈನ್ಸ್ 2019ರಲ್ಲಿ ಬೇರೊಂದು ದಾರಿ ಹಿಡಿಯಿತು. ಸೀಟು ಆರಿಸುವಾಗ ಎಳೆ ಮಕ್ಕಳು ಎಲ್ಲಿ ಕುಳಿತಿರುತ್ತಾರೆಂದು ನಕ್ಷೆಯಲ್ಲೇ ತೋರಿಸಿತು. ಬೇಡದವರು ದೂರದ ಸೀಟು ಹಿಡಿಯಬಹುದು.

ನಿಶ್ಶಬ್ದ ಬೇಕೆನ್ನುವವರು ಹಣ ಕೊಟ್ಟು ದೂರದ ಸಾಲು ಪಡೆದರೆ ನನಗೆ ತಕರಾರಿಲ್ಲ. ಕಾಯಿಲೆಯವರಿರುತ್ತಾರೆ, ಇಳಿದ ಕೂಡಲೇ ಕೆಲಸಕ್ಕೆ ಹೋಗಬೇಕಾದ ಕಾರ್ಮಿಕರಿರುತ್ತಾರೆ, ಅವರಿಗೂ ನಿದ್ದೆ ಬೇಕು. ಆದರೆ ಸುಮಾರು 180 ಸೀಟುಗಳ ಒಂದೇ ಕೊಳವೆಯಂಥ ವಿಮಾನದಲ್ಲಿ ಅಳುವಿಗೆ ಗಡಿ ಹಾಕುವುದೆಲ್ಲಿ? ಅದೂ ರಜೆಯ ಕಾಲದಲ್ಲಿ ಅರ್ಧ ವಿಮಾನವೇ ಮಕ್ಕಳಿಂದ ತುಂಬಿರುವಾಗ? ನಮಗೆ ಬೇಕಾದದ್ದು ಇದಕ್ಕಿಂತ ಸಣ್ಣ ಸಂಗತಿ, ಮಗುವಿನ ಪಕ್ಕದಲ್ಲೇ ತಾಯಿಗೆ ಸೀಟು. ಸೀಟು ಆರಿಸಲು ಪ್ರತ್ಯೇಕ ಹಣ ಕೇಳುವ ಪದ್ಧತಿ ಬಂದ ಮೇಲೆ ಐದು ವರ್ಷದ ಮಗು ಒಂದು ಕಡೆ, ತಾಯಿ ಆರು ಸಾಲು ಹಿಂದೆ ಎಂಬಂಥ ಪ್ರಸಂಗಗಳು ನಡೆದವು. ಹೀಗೆ ಒಂಟಿಯಾದ ಮಗು ಅಳದೆ ಇನ್ನೇನು ಮಾಡೀತು? 2024ರ ಏಪ್ರಿಲ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು, ಒಂದೇ ಬುಕಿಂಗ್‌ನಲ್ಲಿರುವ 12 ವರ್ಷದವರೆಗಿನ ಮಕ್ಕಳಿಗೆ ಹೆತ್ತವರಲ್ಲಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕವೇ ಸೀಟು ಕೊಡಬೇಕೆಂದು ಕಂಪೆನಿಗಳಿಗೆ ಸೂಚಿಸಿತು. ಕೌಂಟರಿನಲ್ಲಿ ಇದನ್ನು ನೆನಪಿಸಲು ನಮ್ಮ ಹೆಣ್ಣುಮಕ್ಕಳು ಸಂಕೋಚಪಡಬಾರದು. ಆದರೆ ತಾಯಿ, ಮಕ್ಕಳ ಟಿಕೆಟನ್ನು ಬೇರೆ ಬೇರೆಯಾಗಿ ಮಾಡಿಸಿದರೆ ಇದು ಸಿಗದು.

ಇಷ್ಟು ಹೇಳಿದ ಮೇಲೆ ನಮ್ಮವರ ಬಗ್ಗೆಯೂ ಹೇಳಲೇಬೇಕು. ಎಳೆ ಮಗುವಿನ ಅಳು ಒಂದು, ಏಳು ವರ್ಷದ ಹುಡುಗ ಮುಂದಿನವರ ಸೀಟಿಗೆ ಒದೆಯುತ್ತಿರುವುದು ಇನ್ನೊಂದು. ಮೊದಲಿನದಕ್ಕೆ ತಾಳ್ಮೆ ಕೇಳುವ ಹಕ್ಕು ನಮಗಿದೆ, ಎರಡನೆಯದಕ್ಕಿಲ್ಲ. ಮೊಬೈಲಿನಲ್ಲಿ ಕಾರ್ಟೂನ್ ಹಾಕಿ, ಇಡೀ ವಿಮಾನಕ್ಕೆ ಕೇಳುವಂತೆ ಇಟ್ಟು, ತಾವು ಕಣ್ಣುಮುಚ್ಚುವ ತಂದೆ ತಾಯಿಯರನ್ನು ನೋಡಿದ್ದೇನೆ. ಹೊಲಸಾದ ಡೈಪರನ್ನು ಸೀಟಿನ ಕಿಸೆಗೆ ತುರುಕಿ ಇಳಿದು ಹೋಗುವವರೂ ಇದ್ದಾರೆ. ಶುಚಿತ್ವ ಈಮಾನಿನ ಭಾಗವೆಂದು ಮಕ್ಕಳಿಗೆ ಕಲಿಸುವ ನಾವು ಇದನ್ನು ಮಾಡಬಹುದೇ? ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಕಿವಿ ಸೋರುತ್ತಿರುವ ಮಗುವನ್ನು ಹೊತ್ತೊಯ್ಯುವುದೂ ಸರಿಯಲ್ಲ. ನಾಲ್ಕು ದಿನ ತಡವಾದರೆ ತಂದೆ ಕಾಯುತ್ತಾನೆ. ಹಾಗೆಯೇ ಹೆತ್ತ ಕೆಲವೇ ದಿನಗಳಲ್ಲಿ ಹೊರಡುವ ಅವಸರವೂ ಬೇಡ, ಹಲವು ಕಂಪೆನಿಗಳು ವಾರ ತುಂಬದ ಮಗುವನ್ನು ಹತ್ತಿಸಿಕೊಳ್ಳುವುದೇ ಇಲ್ಲ.

ಮಕ್ಕಳು ಎಲ್ಲಿರಬೇಕು, ಎಲ್ಲಿರಬಾರದು ಎಂಬ ವಿಷಯದಲ್ಲಿ ನಮಗೆ ಮಾದರಿ ಇಲ್ಲದಿಲ್ಲ. ನಮಾಝ್‌ಗಿಂತ ಹೆಚ್ಚು ಶಾಂತಿ ಬೇಕಾದ ಜಾಗ ಯಾವುದಿದೆ? ಅಲ್ಲೂ ಪ್ರವಾದಿ(ಸ)ರ ಹಿಂದೆ ನಿಂತ ತಾಯಂದಿರ ಮಕ್ಕಳು ಅಳುತ್ತಿದ್ದರು. ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತಿದ್ದ ಪ್ರವಾದಿ(ಸ)ರು ಮಗುವಿನ ಅಳು ಕೇಳಿ, ತಾಯಿಗೆ ಸಂಕಟವಾದೀತೆಂದು ಅದನ್ನು ಸಂಕ್ಷಿಪ್ತಗೊಳಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡೇ ನಮಾಝ್ ಮಾಡಿದ್ದೂ ಉಂಟು. ಹಜ್, ಉಮ್ರಾದಲ್ಲಿ ಸಫಾ ಮರ್ವಾಗಳ ನಡುವೆ ನಾವು ಏಳು ಸಲ ನಡೆಯುವುದು, ಬಾಯಾರಿದ ಹಸುಗೂಸಿಗಾಗಿ ಓಡಿದ ಹ. ಹಾಜಿರಾ(ಅ)ರ ನೆನಪಿಗೆ. ಹಾಗೆಂದು 2025ರ ಹಜ್‌ಗೆ ಮಕ್ಕಳನ್ನು ಕರೆತರಬಾರದೆಂದು ಸೌದಿ ಅರೇಬಿಯಾ ಸರಕಾರ ಹೇಳಿದಾಗ ಅದು ತಪ್ಪೆಂದು ನನಗನಿಸಲಿಲ್ಲ. ಆ ಜನಸಂದಣಿಯಲ್ಲಿ ಕಾಪಾಡಬೇಕಾದದ್ದು ಮಗುವಿನ ಜೀವ. ನಾಲ್ಕು ಗಂಟೆಯ ವಿಮಾನದಲ್ಲಿ ದೊಡ್ಡವರ ನಿದ್ದೆಗಾಗಿ ಮಗುವನ್ನು ದೂರವಿಡುವುದು ಬೇರೆ ಲೆಕ್ಕ.

ದುಬೈಯಲ್ಲಿ ಇಳಿದಾಗ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ಹೋಗುತ್ತದೆ. ಮಕ್ಕಳಿಗೆ ಅದರ ಪರಿವೆಯಿಲ್ಲ, ಹಸಿವು ಊರಿನ ಗಂಟೆಗೇ ಆಗುತ್ತದೆ. ಪಾಸ್‌ಪೋರ್ಟ್ ಮುದ್ರೆಯ ಸಾಲು ಉದ್ದ, ತಾಯಂದಿರ ತಾಳ್ಮೆ ಮುಗಿಯುವುದೇ ಇಲ್ಲಿ. ಆ ವಿಮಾನ ನಿಲ್ದಾಣದಲ್ಲಿ 2023ರಲ್ಲಿ 4ರಿಂದ 12 ವರ್ಷದ ಮಕ್ಕಳಿಗೆಂದೇ ಪ್ರತ್ಯೇಕ ಕೌಂಟರುಗಳನ್ನು ತೆರೆದರು. ಮಗು ತಾನೇ ಮುಂದೆ ಹೋಗಿ ತನ್ನ ಪಾಸ್‌ಪೋರ್ಟಿಗೆ ತಾನೇ ಮುದ್ರೆ ಒತ್ತುತ್ತದೆ. ಪುತ್ತೂರಿನ ಆ ನಾಲ್ಕು ವರ್ಷದ ಹುಡುಗಿ ಬಣ್ಣ ಬಣ್ಣದ ಆ ಕೌಂಟರ್ ಕಂಡದ್ದೇ ತಾಯಿಯ ಕೈ ಬಿಡಿಸಿಕೊಂಡು ಓಡಿದಳು. ಎರಡೂ ಕೈಯಿಂದ ಮುದ್ರೆ ಒತ್ತಿ, ಅದು ಸರಿಯಾಗಿ ಬಿದ್ದಿದೆಯೇ ಎಂದು ಬಗ್ಗಿ ನೋಡಿದಳು. ಆಮೇಲೆ, "ಉಮ್ಮಾ, ತಮ್ಮನದ್ದೂ ಕೊಡಿ, ಅವನಿಗೆ ಒತ್ತಲು ಬರುವುದಿಲ್ಲ" ಎಂದಳು.