ಮುರಿದ ತೊಲೆಯ ಪಾಠ

ವಿದ್ಯೆಯಲ್ಲಿ ಕೇಳಿ ಕಲಿಯುವುದೊಂದು, ಕಂಡು ಕಲಿಯುವುದೊಂದು. ಕಾಂಕ್ರೀಟಿನ ವಿದ್ಯೆಯು ಎರಡನೆಯ ಬಗೆಗೆ ಸೇರಿದುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1885ರಿಂದ 1926ರವರೆಗೆ ಅಧ್ಯಾಪಕರಾಗಿದ್ದ ಆರ್ಥರ್ ಟಾಲ್ಬಟ್ಟರ ಕಾರ್ಯವು ಇದಕ್ಕೆ ಸಾಕ್ಷಿಯಾಗಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಉಕ್ಕಿನ ಸರಳುಗಳನ್ನು ಒಳಗೊಂಡ ಕಾಂಕ್ರೀಟು ಹೊಸ ವಸ್ತು. ಅದು ಭಾರ ಹೊರುವ ರೀತಿಯನ್ನು ಕುರಿತು ಊಹೆಗಳು ಹಲವು, ಪ್ರಮಾಣಗಳು ಕೆಲವು. ತಪ್ಪು ಊಹೆಯ ಮೇಲೆ ಕಟ್ಟಿದ ಮಾಳಿಗೆ ಕುಸಿದರೆ, ಅದರ ಕೆಳಗೆ ಬಾಳುವವರ ಗತಿಯೇನು? 1903ರಲ್ಲಿ ಆ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಪ್ರಯೋಗಕೇಂದ್ರವು ಸ್ಥಾಪಿತವಾಯಿತು. ಮರುವರ್ಷ ಹೊರಬಿದ್ದ ಅದರ ಮೊದಲನೆಯ ಪ್ರಕಟಣೆಯೇ ಇಂತಹ ತೊಲೆಗಳ ಪರೀಕ್ಷೆಯನ್ನು ಕುರಿತ ಟಾಲ್ಬಟ್ಟರ ವರದಿ. ತೊಲೆಯ ಮೇಲೆ ಭಾರವನ್ನು ಹಂತಹಂತವಾಗಿ ಏರಿಸಿ, ಅದು ಬಾಗುವುದನ್ನು ಅಳೆದು, ಮೊದಲ ಬಿರುಕನ್ನು ಗುರುತಿಸಿ, ಕಡೆಗೆ ಮುರಿದು ನೋಡಬೇಕು. ಮುರಿದ ತೊಲೆಯು ಗುರುವಿನ ಮಾತನ್ನೂ ಲೆಕ್ಕಿಸದೆ ನಿಜವನ್ನೇ ಹೇಳುವುದು.

1905ರಲ್ಲಿ ಅಲ್ಲಿಯೇ ಪದವಿ ಪಡೆದ ಡಫ್ ಏಬ್ರಮ್ಸರು ಆ ಕೇಂದ್ರದಲ್ಲಿ ದುಡಿದರು. ಕಾಂಕ್ರೀಟು ಉಕ್ಕಿನ ಸರಳನ್ನು ಎಷ್ಟು ಬಿಗಿಯಾಗಿ ಹಿಡಿಯುವುದೆಂಬ ಅವರ ಸಂಶೋಧನೆಯು 1913ರಲ್ಲಿ ಅವರ ಹೆಸರಿನಲ್ಲಿಯೇ ಅಚ್ಚಾಯಿತು. ಬಳಿಕ ಶಿಕಾಗೋ ನಗರದ ಲೂಯಿಸ್ ಸಂಸ್ಥೆಯಲ್ಲಿ ಅಸಂಖ್ಯ ಪರೀಕ್ಷೆಗಳನ್ನು ನಡೆಸಿ, ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಂತೆ ಕಾಂಕ್ರೀಟಿನ ಬಲವು ಕುಗ್ಗುವುದೆಂಬ ನಿಯಮವನ್ನು ಅವರು 1918ರಲ್ಲಿ ಪ್ರಕಟಿಸಿದರು. ಗಾರೆ ಕಲಸುವವನು ಕೆಲಸ ಹಗುರವಾಗಲೆಂದು ಸುರಿಯುವ ಒಂದು ತಂಬಿಗೆ ನೀರಿನ ಬೆಲೆಯು ಆಗ ಲೋಕಕ್ಕೆ ತಿಳಿಯಿತು.

ಶಿಷ್ಯನಿಂದ ಸೋಲನ್ನು ಬಯಸುವವನೇ ಗುರುವೆಂಬುದು ಹಿರಿಯರ ಮಾತು. ಪರೀಕ್ಷೆಯ ತೀರ್ಪಿಗೆ ತಾನೂ ತಲೆಬಾಗಿ, ಶಿಷ್ಯನ ದುಡಿಮೆಯನ್ನು ಶಿಷ್ಯನ ಹೆಸರಿಗೇ ಬಿಡುವ ಗುರುವಿಗೆ ಅಂತಹ ಸೋಲು ತಾನಾಗಿಯೇ ಒದಗುವುದು. ಸಂಶೋಧನೆಯು ಬೆಳೆಯುವುದೂ ಆ ಸೋಲಿನಿಂದಲೇ.